ಥ್ರೆಲ್ಫಾಲ್ ಗೋತ್ರ

"ಯಜಮಾನರ ಗೋತ್ರ ಯಾವುದಮ್ಮ?" ಎಂದು ಹ್ಯೂಸ್ಟನ್ನಿನ ದೇವಸ್ಥಾನದ ಭಟ್ಟರು ಕೇಳಿದರು. ಪದ್ಮಿನಿ ಹಿಂದುಮುಂದು ನೋಡದೆ "ಥ್ರೆಲ್ಫಾಲ್" ಎಂದುಬಿಟ್ಟಳು.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅರವತ್ತು ದಾಟಿದ ಹೆಂಗಸು, ಆಸ್ಟಿನ್ ಹತ್ತಿರದ ರೌಂಡ್ ರಾಕ್‌ನ ಕಂಪನಿಯಲ್ಲಿ ಕಂಪ್ಯೂಟರಿನ ಸರ್ಕ್ಯೂಟ್ ನಕ್ಷೆ ನೋಡುತ್ತಲೇ ತಲೆ ನರೆಸಿಕೊಂಡವಳು, ಗೋತ್ರ ಕೇಳಿದರೆ ಸರ್‌ನೇಮ್ ಹೇಳುವುದೇ? ಭಟ್ಟರು ಒಳ್ಳೆಯವರು, ನಗಲಿಲ್ಲ. ಟೆಕ್ಸಸ್‌ಗೆ ಬಂದು ಇಷ್ಟು ವರ್ಷವಾದ ಮೇಲೆ ಅವರಿಗೆ ವಿಚಿತ್ರ ಅನ್ನಿಸುವ ವಿಷಯಗಳೇ ಕಡಿಮೆಯಾಗಿದ್ದವು. ಎಲೆಕ್ಟ್ರಿಕ್ ಕಾರಿನ ಪೂಜೆಗೆಂದು ಹೋಗಿ, ಕುಂಕುಮ ಹಚ್ಚಲು ಎಂಜಿನ್ನು ಎಲ್ಲಿದೆ ಎಂದು ಹುಡುಕಿ ಸುಸ್ತಾದ ಮನುಷ್ಯ ಅವರು.

"ಅದು ಮನೆತನದ ಹೆಸರಾಯ್ತಮ್ಮ. ಗೋತ್ರ ಅಂದ್ರೆ ವಂಶಕ್ಕೆ ಮೂಲ ಆದ ಋಷಿ."

"ನೀವೇ ನೋಡಿದ್ದೀರಲ್ಲ ಸ್ವಾಮಿ, ಅವರು ಇಲ್ಲಿಯವರೇ. ಇಂಗ್ಲೆಂಡಿನ ಮೂಲ."

"ಹಾಗಾದ್ರೆ ಚಿಂತೆ ಬಿಡಿ. ಗೋತ್ರ ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಅಂತ ಹೇಳೋ ಪದ್ಧತಿ ಇದೆ. ಅನಾಥರು, ಹಿಂದುಮುಂದು ಗೊತ್ತಿಲ್ಲದವರು, ಎಲ್ಲರಿಗೂ ಅದೇ ಗೋತ್ರ. ಹಾಗೇ ಹೇಳಿಬಿಡ್ತೀನಿ."

ಆಗಲಿ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಮುಂದಿನ ಮಾಘ ಮಾಸದಲ್ಲಿ ಗಂಡ ವಾರೆನ್ ತೀರಿಹೋಗಿ ವರ್ಷವಾಗುತ್ತಿತ್ತು. ಮಕ್ಕಳಿಲ್ಲ. ತಿಥಿಯ ದಿನ ಸಂಕಲ್ಪ ಮಾಡಿಸಿ, ಅವನ ಹೆಸರಿನಲ್ಲಿ ಅಕ್ಕಿ, ಬೇಳೆ, ತರಕಾರಿ ದಾನ ಕೊಡುವ ಏರ್ಪಾಟು ಮಾಡಿ ಬರೋಣ ಎಂದು ಆಸ್ಟಿನ್ ಕಡೆಯಿಂದ ಇಷ್ಟು ದೂರ ಡ್ರೈವ್ ಮಾಡಿ ಬಂದಿದ್ದಳು. ಆದರೆ 'ಅನಾಥರು' ಎಂಬ ಮಾತು ಅವಳಿಗೆ ಚುಚ್ಚಿತು. ಕಟ್ಟಿಕೊಂಡ ಗಂಡನನ್ನು ದಾರಿಯಲ್ಲಿ ಸಿಕ್ಕವರ ಸಾಲಿನಲ್ಲಿ ನಿಲ್ಲಿಸುವುದೆಂದರೇನು?

"ಬೇಡ ಸ್ವಾಮಿ. ಅವರೇನೂ ಅನಾಥರಲ್ಲ. ಅವರಿಗೂ ವಂಶ ಇದೆ, ಮೂಲ ಇದೆ. ವಿಚಾರಿಸ್ಕೊಂಡು ಬಂದು ಹೇಳ್ತೀನಿ."

"ನದಿಮೂಲ ಋಷಿಮೂಲ ಹುಡುಕಬಾರದು ಅಂತಾರಲ್ಲಮ್ಮ."

"ಅವರು ಎರಡೂ ಅಲ್ಲವಲ್ಲ ಸ್ವಾಮಿ" ಎಂದು ಪದ್ಮಿನಿ ಕೈಮುಗಿದು ಎದ್ದಳು.

ಇಷ್ಟು ಹಟ ಏಕೆ ಎಂದು ಕೇಳಿದರೆ ಅವಳ ಹೆಸರಿನ ಕಥೆಯನ್ನೇ ಹೇಳಬೇಕಾಗುತ್ತದೆ. ಊರಿನಲ್ಲಿ ಅವಳು ಎಂ. ಎಸ್. ಪದ್ಮಿನಿ. ಎಂ ಎಂದರೆ ಮದ್ದೂರು, ಎಸ್ ಎಂದರೆ ಅಪ್ಪ ಸುಬ್ಬರಾಯರು. ನಮ್ಮವರಿಗೆ ಊರು ಮತ್ತು ಅಪ್ಪ ಇದ್ದರೆ ಸಾಕು, ಹೆಸರು ಸಂಪೂರ್ಣ. ಅಮೆರಿಕಕ್ಕೆ ಬಂದಾಗ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಸರ್‌ನೇಮ್ ಆಗಿ ಕೂತಿತು. ಆಫೀಸಿನವರೆಲ್ಲ "ಮಿಸ್ ಸುಬ್ಬರಾಯ, ಮೀಟಿಂಗಿಗೆ ಬನ್ನಿ" ಎಂದು ಕರೆದಾಗ, ಪಂಚೆ ಉಟ್ಟ ಅಪ್ಪನನ್ನು ಯಾರೋ ಕಾನ್ಫರೆನ್ಸ್ ರೂಮಿಗೆ ಎಳೆದು ತಂದಂತೆ ಅವಳಿಗೆ ಮುಜುಗರವಾಗುತ್ತಿತ್ತು. ಮೂವತ್ತು ದಾಟುವ ಹೊತ್ತಿಗೆ ಅದೇ ಆಫೀಸಿನ ವಾರೆನ್ ಥ್ರೆಲ್ಫಾಲ್‌ನನ್ನು ಮದುವೆಯಾದಳು. ಅವನ ಹೆಸರನ್ನು ತನ್ನದಕ್ಕೆ ಸೇರಿಸಿಕೊಳ್ಳುತ್ತೇನೆ ಎಂದಾಗ ಅವನು "ಅಂಥಾ ದೊಡ್ಡ ಹೆಸರೇನಲ್ಲ ಅದು, ಯೋಚನೆ ಮಾಡು" ಎಂದ. ಅವನ ವಿನಯ ಎಂದುಕೊಂಡು ಅವಳು ಇನ್ನಷ್ಟು ಖುಷಿಯಿಂದ ಸಹಿ ಹಾಕಿದಳು.

ಎಂಥ ಹೆಸರು ಅದು! ಇಡೀ ಆಸ್ಟಿನ್ನಿನಲ್ಲಿ ಅವರ ಮನೆ ಬಿಟ್ಟರೆ ಇನ್ನೊಂದು ಥ್ರೆಲ್ಫಾಲ್ ಅವಳ ಕಣ್ಣಿಗೆ ಬೀಳಲಿಲ್ಲ. ಇಂಗ್ಲಿಷಿನವರಿಗೇ ಹೇಳಲು ಬಾರದು. ವಾರೆನ್ ಕಾಫಿ ಅಂಗಡಿಯಲ್ಲಿ ಹೆಸರು ಕೇಳಿದರೆ ಜಗಳವೇ ಬೇಡವೆಂದು "ಬಾಬ್" ಎನ್ನುತ್ತಿದ್ದ. ಕನ್ನಡ ಸಂಘದ ಯುಗಾದಿಗೆ ಹೋದರೆ ಬಾಗಿಲಲ್ಲಿ ಕೂತ ಹುಡುಗಿಯರು ಅವಳ ಎದೆಯ ಮೇಲಿನ ಚೀಟಿ ಓದಿ, ಮುಖ ನೋಡಿ, ಮತ್ತೆ ಚೀಟಿ ಓದುತ್ತಿದ್ದರು. ಹಿರಿಯರು "ನೀವು ಯಾರ ಪೈಕಿ?" ಎಂದು ಶುರುಮಾಡಿ, ಉತ್ತರ ಕೇಳಿದ ಮೇಲೆ "ಓಹೋ" ಎಂದು ಹೋಳಿಗೆಯ ಕಡೆ ತಿರುಗುತ್ತಿದ್ದರು. ಯಾರೂ ಕೆಟ್ಟವರಲ್ಲ. ಆದರೆ ಆ 'ಓಹೋ' ಆದ ಮೇಲೆ ಮಾತು ಮುಂದುವರಿಯುತ್ತಿರಲಿಲ್ಲ. ಊರು ಸುಟ್ಟರೂ ಹನುಮಪ್ಪ ಹೊರಗೆ ಎನ್ನುತ್ತಾರಲ್ಲ, ಊರಲ್ಲಿ ಹಬ್ಬವಾದರೂ ಅವನು ಹೊರಗೇ ಎಂಬುದು ಅವಳಿಗೆ ಗೊತ್ತಿತ್ತು. ವಾರೆನ್ ಇದ್ದಷ್ಟು ದಿನ ಅದು ನೋಯಲಿಲ್ಲ. ಹೊರಗೆ ಇಬ್ಬರಿದ್ದರು.

ಹ್ಯೂಸ್ಟನ್ನಿನ ಈ ದೇವಸ್ಥಾನಕ್ಕೂ ಅವನು ಬರುತ್ತಿದ್ದ. ಹಣ್ಣುಕಾಯಿಯ ತಟ್ಟೆ ಹಿಡಿದು, ತನ್ನ ಉದ್ದದ ಮೈಯನ್ನು ಬಗ್ಗಿಸಿ ನಿಲ್ಲುತ್ತಿದ್ದ. ಅರ್ಚನೆಗೆ ಭಟ್ಟರು ಕೇಳಿದಾಗ ಪದ್ಮಿನಿ "ಭಾರದ್ವಾಜ ಗೋತ್ರ, ಪದ್ಮಿನಿ" ಎಂದು ಅಪ್ಪನ ಮನೆಯ ಗೋತ್ರ ಹೇಳಿ ಮುಗಿಸುತ್ತಿದ್ದಳು. ಶಾಸ್ತ್ರದ ಪ್ರಕಾರ ಮದುವೆಯಾದ ಹೆಣ್ಣಿಗೆ ಗಂಡನ ಗೋತ್ರ. ಗಂಡನಿಗೇ ಇಲ್ಲದ್ದನ್ನು ಎಲ್ಲಿಂದ ತರುವುದು? ಅವನ ಹೆಸರು ಹೇಳಿದರೆ ಪ್ರಶ್ನೆ ಬರುತ್ತದೆ, ಹಿಂದೆ ಕ್ಯೂ ಇರುತ್ತದೆ. ಅವನೂ ಕೇಳಲಿಲ್ಲ, ಅವಳೂ ಹೇಳಿಸಲಿಲ್ಲ.

ಮನೆಗೆ ಬಂದು ಗೆಳತಿ ಶಕುಂತಲಾಗೆ ಫೋನ್ ಮಾಡಿದಳು. ಶಕುಂತಲಾ ಧಾರವಾಡದವಳು, ಜಾರ್ಜ್‌ಟೌನಿನಲ್ಲಿ ಹೊಸ ಮನೆ ಕಟ್ಟಿಸಿಕೊಂಡು ಹೋದ ಮೇಲೆ ಫೋನಿನಲ್ಲಿ ಮಾತ್ರ ಸಿಗುವವಳು.

"ಕಾಶ್ಯಪ ಅಂತ ಹೇಳಿಬಿಡ್ರಿ ಪದ್ಮಿನಿಯವ್ರ. ದೇವರಿಗೇನು ಐಡಿ ಕಾರ್ಡ್ ತೋರಿಸಬೇಕಾಗೇತೇನು?"

"ದೇವರಿಗಲ್ಲ ಶಕುಂತಲಾ, ನನಗೆ ಬೇಕು. ಅವರು ಯಾರ ಕಡೆಯವರು ಅಂತ ಒಂದು ದಿನಾನೂ ಹೇಳಲಿಲ್ಲ. ಕೇಳಿದ್ರೆ, ಬರೀ ಹೆಸರು ಕಣೇ ಅದು, ಅಂತಿದ್ರು."

"ಹಂಗಾರ ಹುಡುಕ್ರಿ. ಮನಸ್ಸಿಗೆ ಸಮಾಧಾನ ಆಗೋದು ಮುಖ್ಯ" ಎಂದಳು ಶಕುಂತಲಾ. ಅಷ್ಟರಲ್ಲಿ ಅವಳ ಮೊಮ್ಮಗಳು ಸಾನ್ವಿ ಇಂಗ್ಲಿಷಿನಲ್ಲಿ ಏನೋ ಕೂಗಿದಳು, ಫೋನು ಇಟ್ಟಾಯಿತು.

ಪದ್ಮಿನಿಗೆ ಒಂದು ವಿಷಯ ಗೊತ್ತಿತ್ತು. ಥ್ರೆಲ್ಫಾಲ್ ಹೆಸರಿನವರೆಲ್ಲ ವರ್ಷಕ್ಕೊಮ್ಮೆ ಅಕ್ಟೋಬರಿನಲ್ಲಿ ಡಾಲಸ್ ಹತ್ತಿರದ ಮೆಕಿನ್ನಿಯಲ್ಲಿ ಸೇರುತ್ತಾರೆ. ಈ ದೇಶದಲ್ಲಿ ಅಪರೂಪದ ಹೆಸರಿನವರಿಗೆ ಅಂಥದೊಂದು ಹುಚ್ಚು. ನಮ್ಮಲ್ಲಿ ಒಂದೇ ಕುಲದೇವರ ಒಕ್ಕಲಿನವರು ಸೇರುವ ಹಾಗೆ. ಹೋಗೋಣವೇ ಎಂದು ಎಷ್ಟೋ ಸಲ ಕೇಳಿದ್ದಳು. ಬಿಸಿಲು, ಟ್ರಾಫಿಕ್ಕು, ಸಪ್ಪೆ ಊಟ ಎಂದು ವಾರೆನ್ ಪ್ರತಿ ಸಲವೂ ಒಂದೊಂದು ನೆಪ ಹೇಳಿದ್ದ. ಇಂಟರ್ನೆಟ್ಟಿನಲ್ಲಿ ಅದನ್ನು ನಡೆಸುವ ರಸ್ಸೆಲ್ ಥ್ರೆಲ್ಫಾಲ್ ಎಂಬುವರ ನಂಬರ್ ಸಿಕ್ಕಿತು. "ಖಂಡಿತ ಬನ್ನಿ, ಏನಾದರೂ ಅಡುಗೆ ಮಾಡಿಕೊಂಡು ಬನ್ನಿ" ಎಂದರು ಅವರು. ಚಿತ್ರಾನ್ನ ಮಾಡಿಕೊಂಡು ಬೆಳಗ್ಗೆಯೇ ಹೊರಟಳು.

ಪಾರ್ಕಿನ ಚಪ್ಪರದ ಕೆಳಗೆ ಉದ್ದನೆಯ ಮೇಜುಗಳು, ಮಾಂಸದ ಹೊಗೆ, ಮಡಿಸುವ ಕುರ್ಚಿಗಳಲ್ಲಿ ನರೆತ ತಲೆಗಳು. ಎಲ್ಲರ ಎದೆಯ ಮೇಲೂ ಚೀಟಿ ಇತ್ತು, ಆದರೆ ಅದರಲ್ಲಿ ಮೊದಲ ಹೆಸರು ಮಾತ್ರ. ಉಳಿದರ್ಧ ಎಲ್ಲರದೂ ಒಂದೇ ತಾನೆ? ಅವಳೂ 'ಪದ್ಮಿನಿ' ಎಂದಷ್ಟೇ ಬರೆದು ಅಂಟಿಸಿಕೊಂಡಳು. ಈ ದೇಶದಲ್ಲಿ ಯಾರೂ ಅವಳ ಸರ್‌ನೇಮ್ ಕೇಳದ ಮೊದಲ ಊಟ ಅದು. ಒಬ್ಬ ಅಜ್ಜ ಮಾತ್ರ ಬಂದು, ಚಿತ್ರಾನ್ನವನ್ನು ತಟ್ಟೆಗೆ ಬಡಿಸಿಕೊಳ್ಳುತ್ತಾ, "ನೀವು ಯಾವ ಕೊಂಬೆಯವರು?" ಎಂದ. ಅವಳಿಗೆ ನಗು ಬಂತು. ನೀವು ಯಾರ ಪೈಕಿ ಎಂಬುದನ್ನು ಬಿಳಿಯರು ಹೀಗೆ ಕೇಳುತ್ತಾರೆ. "ವಾರೆನ್ ಹೆಂಡತಿ" ಎಂದಳು. ಅಜ್ಜ "ಓಹೋ" ಎನ್ನಲಿಲ್ಲ, ಇನ್ನೊಂದು ಚಮಚ ಹಾಕಿಕೊಂಡ.

ಊಟವಾದ ಮೇಲೆ ರಸ್ಸೆಲ್ ಎದ್ದು ನಿಂತರು. ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ನಿವೃತ್ತರಾದವರು, ಧ್ವನಿಗೆ ಮೈಕು ಬೇಕಾಗಿರಲಿಲ್ಲ. ಇಂಗ್ಲೆಂಡಿನ ಲ್ಯಾಂಕಶೈರ್ ಸೀಮೆಯಲ್ಲಿ ಥ್ರೆಲ್ಫಾಲ್ ಎಂಬ ಸಣ್ಣ ಜಾಗವಿದೆ. ಒಂಬೈನೂರು ವರ್ಷಗಳಿಗೂ ಹಿಂದೆ ಅಲ್ಲಿಯ ದೊರೆ ದೇಶದ ಭೂಮಿಯನ್ನೆಲ್ಲ ಅಳೆಯಿಸಿ ಬರೆಸಿದಾಗಲೇ ಅದರ ಹೆಸರು ದಾಖಲಾಗಿದೆ. ಹಡಗುಗಳಲ್ಲಿ ಬಂದು ನೆಲೆಸಿದ ಉತ್ತರದ ಜನರ ಭಾಷೆಯಲ್ಲಿ ಹೆಸರಿನ ಮೊದಲರ್ಧಕ್ಕೆ ಜೀತದಾಳು ಎಂದರ್ಥ, ಎರಡನೆಯ ಅರ್ಧಕ್ಕೆ ಮರ ಕಡಿದು ಬಯಲು ಮಾಡಿದ ಜಾಗ. ಅಲ್ಲಿಂದ ಹೊರಟವರು ಹೋದಲ್ಲೆಲ್ಲ ಊರಿನ ಹೆಸರನ್ನೇ ಹೊತ್ತುಕೊಂಡು ಹೋದರು. ಇವತ್ತಿಗೂ ಆ ಹೆಸರಿನವರು ಹೆಚ್ಚಾಗಿ ಆ ಸೀಮೆಯಲ್ಲೇ ಇದ್ದಾರೆ, ಹೊರಗೆ ವಿರಳ.

"ಆದ್ದರಿಂದ ಬಂಧುಗಳೇ, ನಾವು ಕಿರೀಟದ ಕಡೆಯವರಲ್ಲ, ಕೊಡಲಿಯ ಕಡೆಯವರು" ಎಂದು ಅವರು ಮುಗಿಸಿದರು. ಪ್ರತಿವರ್ಷ ಕೇಳಿದ ಮಾತಿಗೆ ಎಲ್ಲರೂ ಪ್ರತಿವರ್ಷದಂತೆ ನಕ್ಕರು.

ಪದ್ಮಿನಿಗೆ ಮನಸ್ಸು ತುಂಬಿ ಬಂತು. ಮದ್ದೂರಿನಿಂದ ಹೊರಟು ಅವಳಪ್ಪ ಎಂ ಎಂಬ ಅಕ್ಷರವನ್ನು ಹೊತ್ತು ತಂದ ಹಾಗೆ ಇವರೂ ಊರನ್ನು ಹೊತ್ತು ತಂದವರು. ಮೂಲಪುರುಷ ಜೀತದಾಳಂತೆ, ಆಗಲಿ, ಋಷಿಯಾದರೇನು ಜೀತದಾಳಾದರೇನು, ಇಬ್ಬರೂ ಕಾಡಿನಲ್ಲಿದ್ದವರೇ. ಭಟ್ಟರಿಗೆ ಹೇಳಲು ಒಂದು ಮೂಲವಾಯಿತು.

"ಮರ ಕಡಿದ ಆ ಮನುಷ್ಯನ ಸ್ವಂತ ಹೆಸರು ಏನಿತ್ತು?" ಎಂದು ರಸ್ಸೆಲ್ಲರನ್ನು ಕೇಳಿದಳು.

"ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ" ಎಂದು ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಜೀತದಾಳಿನ ಹೆಸರನ್ನು ಯಾರು ಬರೆದಿಡುತ್ತಾರೆ? ಬನ್ನಿ, ನಿಮ್ಮ ಯಜಮಾನರ ಕೊಂಬೆ ತೋರಿಸುತ್ತೇನೆ."

ಚಪ್ಪರದ ಒಂದು ಬದಿಗೆ ಬಟ್ಟೆಯ ಮೇಲೆ ಮುದ್ರಿಸಿದ ವಂಶವೃಕ್ಷ ನೇತುಹಾಕಿದ್ದರು. ಪದ್ಮಿನಿ ಜೀವಮಾನವೆಲ್ಲ ನಕ್ಷೆ ಓದಿದವಳು. ಗೆರೆ ಹಿಡಿದು ಹೋಗುವುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೇಲಿನಿಂದ ಕೆಳಗೆ ಬಂದಳು. ಟೆಕ್ಸಸ್‌ಗೆ ಬಂದವನು, ಅವನ ಮಗ, ವೇಕೋ ಹತ್ತಿರ ಹತ್ತಿಯ ಹೊಲ ಮಾಡಿದ ಮೊಮ್ಮಗ. ಅವನಿಂದ ವಾರೆನ್‌ನ ಅಪ್ಪ ಲೀಗೆ ಇಳಿಯುವ ಗೆರೆ ಮಾತ್ರ ಚುಕ್ಕಿ ಚುಕ್ಕಿಯಾಗಿತ್ತು.

"ಇದೇನು ಚುಕ್ಕಿ?"

ರಸ್ಸೆಲ್ಲರ ಮುಖ ಕೆಂಪಾಯಿತು. "ಅದು ಈ ಕೆಲಸದ ಪದ್ಧತಿ, ಅಷ್ಟೆ. ರಕ್ತಸಂಬಂಧಕ್ಕೆ ತುಂಬು ಗೆರೆ, ಸಾಕಿಕೊಂಡವರಿಗೆ ಚುಕ್ಕಿ ಗೆರೆ. ನಿಮಗೆ ಗೊತ್ತಿರಬಹುದು ಅಂದುಕೊಂಡಿದ್ದೆ."

ಪಕ್ಕದ ಗಾಲಿಕುರ್ಚಿಯಲ್ಲಿ ಕೂತಿದ್ದ ಅಜ್ಜಿ, ರಸ್ಸೆಲ್ಲರ ಸೋದರತ್ತೆ ಲೊರೇನ್, "ನೀನು ಹೋಗು, ನಾನು ಹೇಳುತ್ತೇನೆ" ಎಂದು ಅವರನ್ನು ಅಲ್ಲಿಂದ ಅಟ್ಟಿದಳು. ತೊಂಬತ್ತು ದಾಟಿದ ಜೀವ, ಮಾತು ಮಾತ್ರ ಸ್ವಚ್ಛ.

"ನನ್ನಮ್ಮ ಹೇಳಿದ್ದು. ವೇಕೋದ ಹೊಲದಲ್ಲಿ ಹತ್ತಿ ಬಿಡಿಸುವ ಕಾಲ. ಕೂಲಿಗೆ ಊರೂರು ತಿರುಗುವವರ ಲಾರಿಯೊಂದು ಬಂತಂತೆ. ಒಂದು ಸಂಸಾರದ ಮಗುವಿಗೆ ವಿಪರೀತ ಜ್ವರ. ಲಾರಿಯಲ್ಲಿ ಕರೆದೊಯ್ದರೆ ಸತ್ತೇ ಹೋಗುತ್ತದೆ, ಇಲ್ಲಿರಲಿ, ವಾಪಸು ಬರುವಾಗ ಕರೆದುಕೊಂಡು ಹೋಗುತ್ತೇವೆ ಅಂದರಂತೆ. ಬರಲೇ ಇಲ್ಲ. ಬದುಕಿದ್ದರೋ, ಇಲ್ಲವೋ. ಮಗು ತನ್ನ ಹೆಸರು ಲೀ ಎಂದಿತು. ಅಪ್ಪನ ಹೆಸರೇನು ಮಗು ಎಂದರೆ 'ಡ್ಯಾಡಿ' ಎಂದಿತಂತೆ. ಅದಕ್ಕೆ ಅಷ್ಟೇ ಗೊತ್ತಿದ್ದದ್ದು. ಹೊಲದ ಮನೆಯವರು ತಮ್ಮ ಹೆಸರು ಕೊಟ್ಟು ಸಾಕಿದರು."

ಪದ್ಮಿನಿ ಗಾಲಿಕುರ್ಚಿಯ ಪಕ್ಕದಲ್ಲಿ ಕೂತಳು.

"ವಾರೆನ್‌ಗೆ ಇದು ಗೊತ್ತಿತ್ತೇ?"

"ಗೊತ್ತಿಲ್ಲದೆ? ಚಿಕ್ಕವನಿದ್ದಾಗ ಇಲ್ಲಿಗೆ ಬರುತ್ತಿದ್ದ. ಹುಡುಗರು ಅವನನ್ನು 'ಚುಕ್ಕಿ' ಎಂದೇ ಕರೆಯುತ್ತಿದ್ದರು. ಈಗ ಭಾಷಣ ಮಾಡಿದನಲ್ಲ, ಅವನೂ ಕರೆದವನೇ. ಮಕ್ಕಳಾಟ. ಆದರೆ ಒಂದು ವರ್ಷ ಅವನು ಕಾರಿನಿಂದ ಇಳಿಯಲೇ ಇಲ್ಲ. ಆಮೇಲೆ ಬರಲೂ ಇಲ್ಲ." ಅಜ್ಜಿ ಅವಳ ಕೈ ಹಿಡಿದುಕೊಂಡಳು. "ನಿನಗೆ ಹೇಳಿರಲಿಲ್ಲ, ಅಲ್ಲವೇ?"

ಹೇಳಿರಲಿಲ್ಲ. ಮೂವತ್ತು ವರ್ಷ ಒಂದೇ ಸೂರಿನ ಕೆಳಗೆ ಬದುಕಿ, ಅವನ ಸಕ್ಕರೆ ಕಾಯಿಲೆಯ ಮಾತ್ರೆಯಿಂದ ಹಿಡಿದು ಕಾಲ್ಚೀಲದ ಅಳತೆಯವರೆಗೆ ಎಲ್ಲ ಗೊತ್ತಿದ್ದ ಹೆಂಡತಿಗೆ ಇದೊಂದು ಗೊತ್ತಿರಲಿಲ್ಲ. ಪದ್ಮಿನಿಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಬೆಟ್ಟ ಅಗೆದು ಇಲಿಯೂ ಸಿಗಲಿಲ್ಲವಲ್ಲ ಎಂಬ ಸಿಟ್ಟಲ್ಲ. ತನ್ನ ಮುಂದೆಯೂ ಕಾರಿನಿಂದ ಇಳಿಯದೇ ಉಳಿದುಬಿಟ್ಟನಲ್ಲ ಎಂಬ ಸಿಟ್ಟು.

ರಸ್ಸೆಲ್ ಕಾಫಿಯ ಲೋಟವನ್ನೂ ಕಪ್ಪು ಮಾರ್ಕರನ್ನೂ ಹಿಡಿದು ಹಿಂದಿರುಗಿದರು. "ಬೇಕಾದರೆ ಈ ಗೆರೆಯನ್ನು ಈಗಲೇ ತುಂಬಿಬಿಡುತ್ತೇನೆ. ನಿಜವಾಗಿ ಹೇಳಬೇಕೆಂದರೆ ಎಂದೋ ತುಂಬಬೇಕಿತ್ತು" ಎಂದರು. ಪಶ್ಚಾತ್ತಾಪ ನಿಜವೇ ಇತ್ತು.

"ಬೇಡ, ಹಾಗೇ ಇರಲಿ" ಎಂದಳು ಪದ್ಮಿನಿ. "ಆ ಲಾರಿಯಲ್ಲಿ ಹೋದವರೂ ಯಾರೋ ಇದ್ದರಲ್ಲ. ಗೆರೆ ತುಂಬಿದರೆ ಅವರು ಇಲ್ಲವೇ ಇಲ್ಲ ಎಂದಾಗುತ್ತದೆ."

ಅವರು ವಾರೆನ್‌ನ ಪಕ್ಕದಲ್ಲಿ ಅವಳ ಹೆಸರನ್ನು ಬರೆದರು. ತವರಿನ ಸರ್‌ನೇಮ್ ಏನು ಎಂದು ಕೇಳಿದರು. ನಮಗೆ ಇರಲಿಲ್ಲ ಎಂದು ಹೇಳಿ ಅವಳು ಹೊರಟಳು. ಚಿತ್ರಾನ್ನದ ಪಾತ್ರೆ ಖಾಲಿಯಾಗಿತ್ತು, ಯಾರೋ ತೊಳೆದೂ ಇಟ್ಟಿದ್ದರು.

ಹಿಂದಿರುಗುವ ದಾರಿಯಲ್ಲಿ ವೇಕೋ ದಾಟಿದ ಮೇಲೆ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿದಳು. ಒಂದು ಕಾಲಕ್ಕೆ ಸುತ್ತಲೂ ಹೊಲವಿದ್ದ ಸೀಮೆ. ಈಗ ಎಲ್ಲಿ ನೋಡಿದರೂ ಗೋದಾಮು, ಮನೆ, ಬೋರ್ಡು; ನಡುನಡುವೆ ಉಳಿದ ಹತ್ತಿಯ ಚೂರು ನೆಲ ಬಿಳಿಯಾಗಿತ್ತು. ಅವಳು ಕಾರಿನಿಂದ ಇಳಿಯಲಿಲ್ಲ. ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತಳು. ಅವನು ಸತ್ತಾಗ ಅತ್ತದ್ದು ತನಗಾಗಿ, ತಾನು ಒಂಟಿಯಾದೆನಲ್ಲ ಎಂದು. ಈಗ ಅತ್ತದ್ದು ಅವನಿಗಾಗಿ. ತಾನು ಸಂಘದ ಬಾಗಿಲಲ್ಲಿ 'ಓಹೋ' ಕೇಳಿ ಮನೆಗೆ ಬಂದು ಅವನ ಹತ್ತಿರ ದೂರುತ್ತಿದ್ದಾಗ ಅವನು ಸುಮ್ಮನೆ ಬೆನ್ನು ಸವರುತ್ತಿದ್ದ. ನಿನಗೇನು ಗೊತ್ತು, ನಿನ್ನ ಜನ ನಿನ್ನ ದೇಶ ಎಂದು ಅವಳು ಎಷ್ಟು ಸಲ ಅಂದಿಲ್ಲ. ಅವನು ಒಂದು ದಿನವಾದರೂ ನನಗೆ ಗೊತ್ತು ಎಂದಿದ್ದರೆ ಇಬ್ಬರ ಭಾರವೂ ಅರ್ಧವಾಗುತ್ತಿತ್ತು. ಹೊರಗೆ ಇಬ್ಬರೂ ಜೊತೆಗಿದ್ದೇವೆ ಎಂದುಕೊಂಡಿದ್ದಳು. ಅವನು ತನ್ನ ಪಾಡಿಗೆ ಒಬ್ಬನೇ ಇದ್ದ.

ನವೆಂಬರ್ ಕಳೆಯಿತು, ಚಳಿ ಬಂತು. ಶಕುಂತಲಾ ಫೋನಿನಲ್ಲಿ "ಮೂಲ ಸಿಕ್ತೇನ್ರಿ?" ಎಂದು ಕೇಳಿದಾಗ ಪದ್ಮಿನಿ "ಸಿಕ್ತು" ಎಂದಳು, ಏನೆಂದು ಹೇಳಲಿಲ್ಲ. ಅವನು ಮುಚ್ಚಿಟ್ಟದ್ದನ್ನು ಊರಿಗೆಲ್ಲ ಹಂಚುವುದು ಅವಳಿಗೆ ಬೇಕಾಗಿರಲಿಲ್ಲ.

ಮಾಘ ಬಂತು. ತಿಥಿಯ ದಿನ ಬೆಳಕು ಹರಿಯುವ ಮೊದಲೇ ಹೊರಟು ಹ್ಯೂಸ್ಟನ್ ತಲುಪಿದಳು. ಭಟ್ಟರು ಮಂಟಪದ ಮೂಲೆಯಲ್ಲಿ ಮಣೆ ಹಾಕಿದ್ದರು. ಅಕ್ಕಿ, ತೊಗರಿಬೇಳೆ, ಬಾಳೆಕಾಯಿ, ಬೆಲ್ಲ ಇಟ್ಟ ತಟ್ಟೆಯನ್ನು ಅವಳು ಮುಂದಿಟ್ಟಳು. ಅತ್ತ ಯಾರದೋ ಮನೆಯ ಮಗುವಿಗೆ ನಾಮಕರಣ ನಡೆಯುತ್ತಿತ್ತು, ಜನ ಗಿಜಿಗುಟ್ಟುತ್ತಿದ್ದರು. ಇತ್ತ ಅವಳೊಬ್ಬಳೇ.

ಭಟ್ಟರು ಮರೆತಿರಲಿಲ್ಲ. "ವಿಚಾರಿಸ್ಕೊಂಡು ಬರ್ತೀನಿ ಅಂದಿದ್ರಿ. ಏನಾದ್ರೂ ತಿಳೀತೇನಮ್ಮ?"

"ತಿಳೀತು ಸ್ವಾಮಿ. ಕಾಶ್ಯಪ ಅಂತಾನೇ ಹೇಳಿ."

ಅವರು ಅವಳ ಮುಖ ನೋಡಿದರು. ನಾನು ಅವತ್ತೇ ಹೇಳಿದ್ದೆನಲ್ಲ ಎನ್ನಲಿಲ್ಲ. ಅದಕ್ಕೇ ಮೊದಲೇ ಹೇಳಿದ್ದು, ಅವರು ಒಳ್ಳೆಯವರು ಎಂದು. ದರ್ಭೆಯನ್ನು ಸರಿಪಡಿಸಿಕೊಳ್ಳುತ್ತಾ, "ಸಂಕಲ್ಪದಲ್ಲಿ ನಿಮ್ಮ ಹೆಸರೂ ಬರಬೇಕು. ನಿಮ್ಮದು ಭಾರದ್ವಾಜ ಅಲ್ವೇ? ಅರ್ಚನೆಗೆಲ್ಲ ಹಾಗೇ ಹೇಳಿಸ್ತಿದ್ರಿ" ಎಂದರು.

"ಅದು ನಮ್ಮಪ್ಪನದು ಸ್ವಾಮಿ. ನನ್ನದೂ ಕಾಶ್ಯಪ."

"ಇಬ್ಬರದೂ?"

"ಇಬ್ಬರದೂ."

ಭಟ್ಟರು ಕಣ್ಣು ಮುಚ್ಚಿ ಶುರುಮಾಡಿದರು. ದೇಶ ಹೇಳಿದರು, ಕಾಲ ಹೇಳಿದರು, ಕಾಶ್ಯಪ ಗೋತ್ರೋದ್ಭವಸ್ಯ ಎಂದರು. ವಾರೆನ್ ಎಂಬಲ್ಲಿ ಅವರ ಸಂಸ್ಕೃತ ಕ್ಷಣಕಾಲ ಎಡವಿ ಮತ್ತೆ ಎದ್ದಿತು. ಅದರ ಬೆನ್ನಿಗೇ, ಅದೇ ಉಸಿರಿನಲ್ಲಿ, ಅದೇ ಗೋತ್ರದಲ್ಲಿ ಪದ್ಮಿನಿ ಎಂದು ಬಂತು. ಇಷ್ಟು ವರ್ಷ ಇದೇ ಗುಡಿಯಲ್ಲಿ ತಟ್ಟೆ ಹಿಡಿದು ಬಗ್ಗಿ ನಿಂತವನ ಹೆಸರನ್ನು ಮೊದಲ ಸಲ ಗಟ್ಟಿಯಾಗಿ ಹೇಳಿದ್ದು ಅದು. ಕೇಳಲು ಅವನಿರಲಿಲ್ಲ.